ಅಕ್ಕ ಬೈಯೋದು

ನನ್ನ ತಮ್ಮನ ಅಳತೆ ನನಗೆ ಬಾಯಿಪಾಠ. ಎದೆ ಮೂವತ್ತಾರು, ತೋಳು ಇಪ್ಪತ್ತಮೂರು, ಕಾಲರ್ ಹದಿನಾಲ್ಕೂವರೆ, ಬಲಭುಜ ಎಡಕ್ಕಿಂತ ಅರ್ಧ ಇಂಚು ಕೆಳಗೆ. ಮೂವತ್ತು ವರ್ಷದಿಂದ ಅವನ ಅಂಗಿಗಳನ್ನೆಲ್ಲ ಹೊಲಿದವಳು ನಾನೇ. ಅವನು ಹೋಗಿ ಹತ್ತೊಂಬತ್ತು ದಿನವಾಯಿತು; ಮುಖ ಮಾತ್ರ ನೆನಪಿಗೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಕಾಲರ್ ಕಾಣುತ್ತದೆ. ಅದರ ಮೇಲೆ ಏನೂ ಇಲ್ಲ.

ಬಂದವರೆಲ್ಲ “ಅತ್ತುಬಿಡು, ಹಗುರಾಗುತ್ತೆ” ಅಂದರು. ಅಳು ಏನು ನಲ್ಲಿ ನೀರೇ, ತಿರುಗಿಸಿದ ಕೂಡಲೇ ಬರಲು? ನಾನು ಶಾಲೆಯ ಅಂಗಿಗಳನ್ನು ಹೊಲಿಯುತ್ತ ಕೂತೆ. ಹೊಟ್ಟೆ ಹಸಿದರೆ ತಿಂದೆ. ಏನೂ ಅನ್ನಿಸುತ್ತಿರಲಿಲ್ಲ, ಅದೇ ನಿಜ.

ಒಂದು ಫೋಟೋ ಇದ್ದಿದ್ದರೆ ಸಾಕಿತ್ತು. ಕ್ಯಾಮೆರಾ ಕಂಡರೆ ಮೈಲಿ ದೂರ ಓಡುವ ಪ್ರಾಣಿ ಅವನು. ಲೈಬ್ರರಿಯಲ್ಲಿ ಗುಮಾಸ್ತನಾಗಿದ್ದ, ಅಲ್ಲಿನ ಗುರುತಿನ ಚೀಟಿಯಲ್ಲಿ ಇರುವುದು ಇಪ್ಪತ್ತೆರಡರ ಯಾವನೋ ಕುಡಿಮೀಸೆಯವನು. ಇನ್ನೊಂದು ಇದ್ದರೆ ಅವನ ಕಂಪ್ಯೂಟರಿನೊಳಗೆ. ಲೈಬ್ರರಿಯವರು ಕಲಿಯಲೆಂದು ಕೊಟ್ಟ ಹಳೆಯ ಡಬ್ಬ ಅದು. ಅದಕ್ಕೆ ತಾನೇ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ತಪ್ಪುತ್ತ ತಡವರಿಸುತ್ತ ಕಲಿಯುತ್ತಿದ್ದ. ಹೋದ ತಿಂಗಳು ಹಿಂದಿನ ಕೋಣೆಯಿಂದ ಕೂಗಿದ.

“ಅಕ್ಕಾ, ನನ್ನ ಮೋರೆ ಇದರಲ್ಲಿ ಹಾಕಿದೀನಿ, ಬಂದು ನೋಡೇ.”

“ಹೋಗೋ ದಂಡಪಿಂಡ, ಮೂವತ್ತು ಅಂಗಿಗೆ ಗುಂಡಿ ಹಚ್ಚೋದಿದೆ.”

ನಗುತ್ತ ಮತ್ತೆ ಕೀಲಿಮಣೆ ಕುಟ್ಟತೊಡಗಿದ. ನಾಲ್ಕನೆಯ ದಿನ ಲೈಬ್ರರಿಯ ಕಪಾಟುಗಳ ನಡುವೆ ಕುಸಿದವನು ಮತ್ತೆ ಏಳಲಿಲ್ಲ.

ಇವತ್ತು ಬೆಳಿಗ್ಗೆ ಲೈಬ್ರರಿ ಮೇಡಂ ಫೋನ್ ಮಾಡಿದ್ದರು. ಮೂರು ಗಂಟೆಗೆ ಆಳು ಬಂದು ಕಂಪ್ಯೂಟರ್ ತೆಗೆದುಕೊಂಡು ಹೋಗುತ್ತಾನಂತೆ, ಎಲ್ಲ ಅಳಿಸಿ ಬೇರೆಯವರಿಗೆ ಕೊಡುತ್ತಾರಂತೆ. ಓಡಿ ಹೋಗಿ ಗುಂಡಿ ಒತ್ತಿದೆ. ಕಂಪನಿಯ ಗುರುತು ಬಂತು, ಹೋಯಿತು. ಆಮೇಲೆ ಕಪ್ಪು. ಮೂಲೆಯಲ್ಲಿ ಒಂದು ಗೆರೆ ಮಿನುಗುತ್ತ ನಿಂತಿತು. ಐದು ಸಲ ಆರಿಸಿ ಹಚ್ಚಿದರೂ ಅದೇ ರಾಗ.

ರಿಪೇರಿಯವನಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಜನ, ಬರಲಾಗುವುದಿಲ್ಲ, ಫೋನಿನಲ್ಲೇ ಹೇಳುತ್ತೇನೆ ಅಂದ.

“ಅಕ್ಕಾ, ಅದರಲ್ಲಿ ಕೊನೇಗೆ ಏನು ಮಾಡಿದ್ರು, ಗೊತ್ತಾ?”

“ಅಕ್ಕ ಅನ್ನಬೇಡಿ.”

“ಸರಿ, ಅಮ್ಮಾ.”

“ಅದೂ ಬೇಡ.”

ಪಾಪ, ಆಮೇಲೆ ‘ಟೈಲರ್ ಮೇಡಂ’ ಅನ್ನತೊಡಗಿದ.

ತಮ್ಮನ ನೋಟ್‌ಬುಕ್ ಬಿಡಿಸಿ ಕೊನೆಯ ಪುಟವನ್ನು ಓದಿ ಹೇಳಿದೆ: ‘ಅಕ್ಕನಿಗೆ ಕನ್ನಡಕ ಇಲ್ಲದೆ ಕಾಣುವ ಹಾಗೆ ಪರದೆಯ ಅಕ್ಷರ ದೊಡ್ಡದು ಮಾಡಬೇಕು. ಅದಕ್ಕೆ ಪರದೆಯನ್ನು ಹೊಂದಿಸುವ ಎಕ್ಸ್‌ಆರ್ಗ್ ಫೈಲ್ ಬರೆದೆ. ಸರಿಯಿದೆಯೋ ಇಲ್ಲವೋ, ನಾಳೆ ನೋಡೋಣ.’

“ಅದೇ ಕಿತಾಪತಿ,” ಅಂದ ರಿಪೇರಿಯವ. “ಆ ಫೈಲ್ ತಪ್ಪಾಗಿದೆ, ಪರದೆ ಹೆದರಿ ಕೂತಿದೆ. ಅದನ್ನ ಆಚೆ ಎತ್ತಿಟ್ರೆ ಆಯ್ತು. ಪಾಸ್‌ವರ್ಡ್ ಇದೆ ತಾನೆ? ಇಲ್ಲಾಂದ್ರೆ ನನ್ನ ಕೈಲೂ ಏನೂ ಆಗಲ್ಲ.”

ಮೊದಲ ಪುಟದಲ್ಲಿ ಎರಡು ಸಾಲು ಇತ್ತು. ಹೆಸರು: tamma. ಪಾಸ್‌ವರ್ಡ್: ಅಕ್ಕ ಬೈಯೋದು.

ರಿಪೇರಿಯವ ಹೇಳಿದ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದು ಹೆಸರು ಕೇಳಿದವು. ಹೆಸರು ಬರೆದೆ. ಪಾಸ್‌ವರ್ಡ್ ಕೇಳಿತು. ‘ಸೋಮಾರಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ. ಪರದೆಯ ಮೇಲೆ ಏನೂ ಮೂಡಲಿಲ್ಲ.

“ಕೀಲಿಮಣೆ ಸತ್ತಿದೆ,” ಅಂದೆ.

“ಸತ್ತಿಲ್ಲ ಮೇಡಂ. ಇಲ್ಲಿ ಪಾಸ್‌ವರ್ಡ್ ಕಾಣಿಸೋದೇ ಇಲ್ಲ. ನೀವು ಬರೀತಾ ಹೋಗಿ, ಒಳಗೆ ಹೋಗ್ತಾ ಇರುತ್ತೆ.”

ಸೋಮಾರಿ ತಪ್ಪು ಅಂತು. ಮುಠ್ಠಾಳ, ತಪ್ಪು. ಅಬ್ಬೇಪಾರಿ, ಅದೂ ತಪ್ಪು. ಒಬ್ಬ ತಮ್ಮನಿಗೆ ಎಷ್ಟೊಂದು ಬೈಗುಳ ಇಟ್ಟುಕೊಂಡಿದ್ದೆ, ಪುಣ್ಯಾತ್ಗಿತ್ತಿ ನಾನು! ಸರಿಯಾದದ್ದು ಯಾವುದೆಂದು ಮೊದಲೇ ಗೊತ್ತಿತ್ತು. ಅವನಿಗೆ ಕೊನೆಯ ಸಲ ಬೈದ ಮಾತು ಅದು, ಅದೊಂದನ್ನು ಬಿಟ್ಟು ಬೇರೆ ಏನಾದರೂ ಆಗಲಿ ಎಂದು ಸುತ್ತಿ ಬಳಸಿ ಹೋಗುತ್ತಿದ್ದೆ. ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ದಂಡಪಿಂಡ ಎಂದು ಒತ್ತಿದೆ, dandapinda. ಏನೂ ಕಾಣಿಸಲಿಲ್ಲ. ಕಂಪ್ಯೂಟರಿನ ಬಾಗಿಲು ತೆರೆಯಿತು.

“ಈಗ ಸೂಡು, ಸ್ಪೇಸ್, ಎಮ್ ವಿ. ಎಮ್ ವಿ ಅಂದ್ರೆ ಎತ್ತಿಡು ಅಂತ,” ಅಂದ ರಿಪೇರಿಯವ.

soodu ಎಂದು ಬರೆದೆ. ಹಾಗಂತ ಯಾವುದೂ ಇಲ್ಲ ಅಂತು.

“ಏನ್ರೀ ಬರೆದ್ರಿ?”

“ನೀವು ಹೇಳಿದ್ದೇ, ಸೂಡು. ಹುಲ್ಲಿನ ಸೂಡು.”

“ಅಯ್ಯೋ ರಾಮ! ಎಸ್, ಯು, ಡಿ, ಓ. ದೊಡ್ಡ ಕೆಲಸಕ್ಕೆ ಮುಂಚೆ ಅಪ್ಪಣೆ ಕೇಳೋ ಮಾತು ಅದು.”

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವನು ಒಂದೊಂದೇ ಅಕ್ಷರ ಹೇಳಿದ, ನಾನು ಗುಂಡಿಗೆ ದಾರ ಪೋಣಿಸುವಂತೆ ಒಂದೊಂದೇ ಒತ್ತಿದೆ. ಅಪ್ಪಣೆಗೆ ಮತ್ತೆ ಪಾಸ್‌ವರ್ಡ್ ಕೇಳಿತು. ಕಪ್ಪಿಗೆ ಇನ್ನೊಮ್ಮೆ ದಂಡಪಿಂಡ ಅಂದೆ. ಎರಡನೆಯ ಸಲ ಸುಲಭವಾಯಿತು, ಕೈಗೆ ರೂಢಿಯಾದ ಹೊಲಿಗೆ. ತಮ್ಮ ನನಗಾಗಿ ಬರೆದ ಫೈಲನ್ನು ನಾನೇ ಎತ್ತಿ ಆಚೆ ಇಟ್ಟೆ.

“ಈಗ ಆರಿಸಿ ಹಚ್ಚಿ,” ಅಂದ ರಿಪೇರಿಯವ.

ಗುರುತು ಬಂತು, ಹೋಯಿತು. ಕಪ್ಪು. ಫ್ಯಾನ್ ಗೊರಗೊರ ಅಂತು. ಸರಿ, ಇದೂ ಕೈಕೊಟ್ಟಿತು ಅಂದುಕೊಂಡು ಗಡಿಯಾರದ ಕಡೆ ತಿರುಗಿದೆ. ಗೋಡೆಯ ಮೇಲೆ ನೀಲಿ ಬೆಳಕು ಬಿತ್ತು.

ಪರದೆಯ ನಡುವೆ ದುಂಡನೆಯ ಒಂದು ಚಿತ್ರ. ಮೊದಲು ಕಾಲರ್ ನೋಡಿದೆ, ಹದಿನಾಲ್ಕೂವರೆ, ಕಂದು ಪಟ್ಟೆ, ನಾನು ಹೊಲಿದದ್ದೇ. ಮೇಲಿನ ಗುಂಡಿಯನ್ನು ತಪ್ಪು ಕಾಜಾಕ್ಕೆ ಸಿಕ್ಕಿಸಿದ್ದ. ಆಮೇಲೆ ಮೇಲೆ ನೋಡಿದೆ.

ಎಡಹುಬ್ಬಿನ ಕತ್ತರಿಸಿದ ಗುರುತು, ಹತ್ತು ವರ್ಷದವನಿದ್ದಾಗ ನನ್ನ ಮಿಷಿನ್ನಿಗೆ ತಲೆ ಹೊಡೆದುಕೊಂಡದ್ದು. ಒಂದು ಕಡೆಗೆ ಜಾರಿದ ಕನ್ನಡಕ. ತಾನೇ ತೆಗೆದುಕೊಂಡ ಫೋಟೋ, ನಗಬೇಕೋ ಬೇಡವೋ ತಿಳಿಯದೆ ಬಾಯಿ ಅರ್ಧಕ್ಕೆ ನಿಂತಿತ್ತು. ಹೌದು, ಹೀಗೇ ಇದ್ದ. ಇದೇ ಮುಖ. ಇಷ್ಟು ದಿನ ಎಲ್ಲಿಗೆ ಹೋಗಿತ್ತು?

ಮುಖದ ಕೆಳಗೆ ಒಂದು ಖಾಲಿ ಪಟ್ಟಿ, ಪಾಸ್‌ವರ್ಡ್ ಕೇಳುತ್ತಿತ್ತು.

“ಬಂತಾ ಅಕ್ಕಾ?” ಅಂದ ರಿಪೇರಿಯವ, ಮರೆತು. “ಬೇಗ ಪಾಸ್‌ವರ್ಡ್ ಹಾಕಿ. ಒಳಗೆ ಹೋದ್ರೆ ತಾನೆ ಫೋಟೋ ತೆಗೆದುಕೊಳ್ಳೋಕಾಗೋದು?”

ಕತ್ತಲಿಗೆ ಎರಡು ಸಲ ಬೈದವಳಿಗೆ ಈಗ ಕೈ ಬರಲಿಲ್ಲ. ತಮ್ಮ ನೋಡುತ್ತಿದ್ದ. ಕನ್ನಡಕ ಮಂಜಾಯಿತು, ತೆಗೆದು ಸೆರಗಿನಿಂದ ಒರೆಸಿದೆ, ಮತ್ತೆ ಮಂಜಾಯಿತು.

“ಬಂದೆ ಕಣೋ, ದಂಡಪಿಂಡ,” ಅಂದೆ. “ಬಂದೆ, ನೋಡ್ತಾ ಇದೀನಿ.”

“ಏನಂದ್ರಿ?” ಅಂತು ಫೋನ್.

ನಿಮಗಲ್ಲ ಅಂದೆ. ಆಮೇಲೆ ಒತ್ತತೊಡಗಿದೆ. ಈ ಸಲ ಒಂದೊಂದು ಅಕ್ಷರಕ್ಕೂ ಒಂದೊಂದು ಚುಕ್ಕೆ ಕಾಣಿಸಿತು.