ಶೈಲಜಾಳ ಬೋಣಿಗೆ

ನನ್ನ ಹೆಸರು ಭಾಗ್ಯಜ್ಯೋತಿ. ಫೋನಿನಲ್ಲಿ ಮಾತ್ರ ಶೈಲಜಾ. ನಮ್ಮ ಆಫೀಸಿನಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಮಾತಾಡುವುದಿಲ್ಲ. ಪಕ್ಕದ ಕುರ್ಚಿಯ ತಹಮೀನಾ ಗಿರಾಕಿಗಳ ಪಾಲಿಗೆ ಅನ್ನಪೂರ್ಣ. ಜಗಳ ಬಂದಾಗ ಹುಡುಕಿಕೊಂಡು ಬಂದವರಿಗೆ "ಅಂಥವರು ಇಲ್ಲಿಲ್ಲ" ಅನ್ನಲು ಅನುಕೂಲ.

ರಾಯಚೂರಿನ ತೀನ್ ಕಂದೀಲ್ ಹತ್ತಿರ ಬಟ್ಟೆ ಅಂಗಡಿಯ ಮೇಲೆ ಎರಡು ಕೋಣೆ, ಅದೇ ಆಫೀಸು. ಮನೆ ಫೋನು, ಅದರ ಜೊತೆಗೆ ಇಂಟರ್ನೆಟ್ಟು ಮಾರುತ್ತೇವೆ. ಮೊದಲ ತಿಂಗಳು ಪುಕ್ಕಟೆ ಅನ್ನುವುದನ್ನು ನಿಧಾನವಾಗಿ ಎರಡು ಸಲ ಹೇಳಬೇಕು. ಎರಡು ವರ್ಷ ಬಿಡುವಂತಿಲ್ಲ ಅನ್ನುವ ಷರತ್ತನ್ನು, ಬಸ್ ಹೊರಟ ಮೇಲೆ ಕಂಡಕ್ಟರ್ ಊರುಗಳ ಹೆಸರು ಕೂಗಿದ ಹಾಗೆ, ಒಂದೇ ಉಸಿರಿನಲ್ಲಿ ಓದಿ ಮುಗಿಸಬೇಕು. ಗಿರಾಕಿ ಒಪ್ಪಿಗೆ ಅಂದದ್ದು ರೆಕಾರ್ಡ್ ಆದರೆ ಕರಾರು ಆಯಿತು. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ಜಂಬ ಕೊಚ್ಚುತ್ತಿಲ್ಲ, ಗೋಡೆಯ ಮೇಲೆ ನನ್ನ ಫೋಟೊ ಅಂಟಿಸಿದ್ದಾರೆ.

ಬೋಣಿಗೆಯ ಉಪಾಯ ಕಂಡುಹಿಡಿದವಳು ನಾನೇ. ನಮ್ಮ ಸೀಮೆಯ ವ್ಯಾಪಾರಸ್ಥರು ದೇವರಿಗೆ ಬಗ್ಗದಿದ್ದರೂ ಬೋಣಿಗೆಗೆ ಬಗ್ಗುತ್ತಾರೆ. ದಿನದ ಮೊದಲ ವ್ಯಾಪಾರ ತಪ್ಪಿಸಿದರೆ ಎರಡೂ ಕಡೆಯವರಿಗೆ ಕೇಡು ಅಂತ ನಂಬಿಕೆ. ಪೋತ್ನಾಳದ ಅಕ್ಕಿ ಗಿರಣಿಯ ಪಂಪಾಪತಿ ನನ್ನನ್ನು ಬೈದು ಫೋನ್ ಇಡುವವನಿದ್ದ. "ಅಣ್ಣಾರ, ನಂದಿನ್ನೂ ಬೋಣಿಗಿ ಆಗಿಲ್ರಿ, ನೀವ ಮಾಡಬೇಕು" ಅಂದೆ. ಬೈಗುಳ ಅರ್ಧಕ್ಕೇ ನಿಂತಿತು. "ಏ, ಹಾಕು ಹೋಗ್ಲಿ" ಅಂದ. ಅವತ್ತು ನನಗೆ ಅವನದು ಒಂಬತ್ತನೇ ಬೋಣಿಗೆ.

ಮಾನ್ವಿಯ ಗುರುಶಾಂತಮ್ಮನಿಗೆ ಫೋನ್ ಹಚ್ಚಿದ್ದು ಒಂದು ಸೋಮವಾರ. ಜೋಳದ ರೊಟ್ಟಿ ಬಡಿದು ಮದುವೆ ಮನೆಗಳಿಗೆ ಕೊಡುವ ಹೆಂಗಸು. ಗಂಡ ಇದ್ದಾಗ ಹಾಕಿಸಿದ ಫೋನು, ಇಪ್ಪತ್ತೆರಡು ವರ್ಷದಿಂದ ಒಂದೇ ನಂಬರು. ಮಾನ್ವಿಯಿಂದ ದೇವದುರ್ಗದವರೆಗೆ ಎಷ್ಟೋ ಅಡುಗೆಮನೆಗಳ ಗೋಡೆಯ ಮೇಲೆ ಆ ನಂಬರು ಬರೆದಿದೆ ಅಂತ ಅವಳೇ ಹೇಳಿದಳು. ಅವಳ ಅನ್ನ ಆ ನಂಬರಿನಿಂದಲೇ ಬರುತ್ತಿತ್ತು.

"ನನಗ ಇದ್ದದ್ದ ಸಾಕವ್ವಾ, ಹೊಸಾದೇನೂ ಬ್ಯಾಡ" ಅಂದಳು.

"ಯವ್ವಾ, ಇದು ನನ್ನ ಬೋಣಿಗಿ. ನಿಮ್ಮ ಕೈಲೇ ಆಗಲಿ."

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು. "ಹಂಗನ್ನಬ್ಯಾಡ ಕೂಸೇ. ನಾ ಗಂಡ ಸತ್ತಾಕಿ. ನನ್ನ ಕೈಲೇ ಯಾರೂ ಬೋಣಿಗಿ ಮಾಡಿಸ್ಕೊಳ್ಳಂಗಿಲ್ಲ. ಸಂತಿಗೆ ಹೋದ್ರ ಯಾರರ ಒಬ್ರು ಮುಂಚೆ ತಗೊಳ್ಳೋ ತನಕ ನಾ ಬಾಜೂಕ ನಿಂದರ್ತೀನಿ."

ಇದು ನನಗೆ ಗೊತ್ತಿರದ ಸಂಗತಿ ಅಲ್ಲ. ನನ್ನವ್ವ ಜಂಬಮ್ಮನೂ ಗಂಡ ಸತ್ತವಳೇ. ಗಬ್ಬೂರಿನಲ್ಲಿ ಕಾಲು ಕೇಜಿ ಸಕ್ಕರೆಗಾಗಿ ಅಂಗಡಿಯ ಪಕ್ಕದ ಗೋಡೆಗೆ ಆತು ಅವಳು ಕಾಯುವಾಗ ನಾನೂ ಅವಳ ಸೆರಗು ಹಿಡಿದು ನಿಂತಿದ್ದೇನೆ. ಅಂಥವಳಿಗೆ ಯಾವ ಮಾತು ಹೇಳಿದರೆ ಎದೆ ಕರಗುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲವರು ಆ ಆಫೀಸಿನಲ್ಲಿ ಇರಲಿಲ್ಲ.

"ನಾ ಅದನ್ನೆಲ್ಲ ನಂಬಂಗಿಲ್ರಿ ಯವ್ವಾ. ನನಗ ನಿಮ್ಮ ಕೈನ ಬೇಕು."

ಆ ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿತು. ಆಮೇಲೆ ನಾನು ಓದಿದ್ದಕ್ಕೆಲ್ಲ ಒಪ್ಪಿಗೆ, ಒಪ್ಪಿಗೆ ಅನ್ನುತ್ತಲೇ ಹೋದಳು. ಎರಡು ವರ್ಷ ಅಂದೆ, ಒಪ್ಪಿಗೆ. ಬಿಟ್ಟರೆ ಅಷ್ಟೂ ತಿಂಗಳ ಹಣ ಕಟ್ಟಬೇಕು ಅಂದೆ, ಒಪ್ಪಿಗೆ. ಹಳೇ ನಂಬರು ಇದೇ ಇರುತ್ತದಲ್ಲ ಅಂತ ಒಂದೇ ಒಂದು ಪ್ರಶ್ನೆ ಕೇಳಿದಳು. ಆ ಹೊತ್ತಿಗೆ ರೆಕಾರ್ಡ್ ನಿಲ್ಲಿಸಿದ್ದೆ. "ಅದ ಇರ್ತದ್ರಿ. ಹಳೇ ಫೋನಿನ ಆಫೀಸಿಗೆ ಹೋಗಿ ಡಬ್ಬಿ ವಾಪಸ್ ಕೊಟ್ಟು, ಬಂದ್ ಮಾಡ್ರಿ ಅಂತ ಬರಕೊಡ್ರಿ. ನಂಬರ್ ತಾನ ನಮ್ಮ ಕಡಿ ಬರ್ತದ" ಅಂದೆ. ಬರುವುದಿಲ್ಲ. ಬಂದ್ ಮಾಡಿಸಿದ ನಂಬರು ಎಲ್ಲಿಗೂ ಬರುವುದಿಲ್ಲ. ಫೋನ್ ಇಡುವಾಗ "ನನ್ನ ಕೈ ನಿನಗ ಕೂಡಿ ಬರಲಿ, ಶೈಲಜಾ" ಅಂತ ಹರಸಿದಳು.

ಮರುದಿನವೇ ಮಹಾತಾಯಿ ಹಳೇ ಆಫೀಸಿಗೆ ಹೋಗಿ ತನ್ನ ಕೈಯಾರೆ ಸಹಿ ಹಾಕಿ ಬಂದಳು.

ಆಮೇಲೆ ಶುರುವಾಯಿತು. ಹೊಸ ಫೋನಿಗೆ ಹೊಸ ನಂಬರು ಬಂದಿತ್ತು, ಅದು ಯಾರ ಗೋಡೆಯ ಮೇಲೂ ಇರಲಿಲ್ಲ. ದೇವದುರ್ಗದ ಒಂದು ಮದುವೆ ಮನೆಯವರು ಫೋನ್ ಹಚ್ಚಿ ಹಚ್ಚಿ ಸಾಕಾಗಿ, ಮುದುಕಿ ಸತ್ತಿರಬೇಕು ಅಂದುಕೊಂಡು ಬೇರೆ ಕಡೆ ರೊಟ್ಟಿ ಹೇಳಿದರಂತೆ. ನನಗೆ ನಾಲ್ಕು ಸಲ ಫೋನ್ ಮಾಡಿದಳು. ಒಂದು ಸಲವೂ ದನಿ ಏರಿಸಲಿಲ್ಲ. ಪ್ರತಿ ಸಲವೂ ಮೊದಲು "ವ್ಯಾಪಾರ ಹೆಂಗ ನಡದದ ಕೂಸೇ?" ಅಂತ ಕೇಳುತ್ತಿದ್ದಳು. ನಾಳೆ ಸರಿಯಾಗುತ್ತದೆ ಅಂತ ನಾನು ನಾಲ್ಕೂ ಸಲ ಹೇಳಿದೆ. ನಾಳೆ ಅನ್ನಲು ನನ್ನ ಗಂಟೇನು ಹೋಗುತ್ತದೆ?

ಹಳೇ ಆಫೀಸಿನವರು ಅವಳಿಗೊಂದು ದಾರಿ ತೋರಿಸಿದ್ದರು. ಬಂದ್ ಮಾಡಿದ ಹದಿನೈದು ದಿನದೊಳಗೆ ನಮ್ಮ ಕಂಪನಿಯ ರದ್ದತಿ ಪತ್ರ ತಂದರೆ ಹಳೇ ನಂಬರು ವಾಪಸ್ ಕೊಡುತ್ತೇವೆ, ಅದು ದಾಟಿದರೆ ಆಗುವುದಿಲ್ಲ. ಹದಿನಾಲ್ಕನೇ ದಿನ ಅವಳು ಮಾನ್ವಿಯಿಂದ ಬಸ್ ಹಿಡಿದು ನಮ್ಮ ಆಫೀಸಿನ ಮೆಟ್ಟಿಲು ಹತ್ತಿದಳು.

ಊಟದ ಹೊತ್ತು. ಮ್ಯಾನೇಜರ್ ಚನ್ನವೀರ ಹೊರಗೆ ಹೋಗಿದ್ದ, ಬಾಗಿಲ ಹತ್ತಿರದ ಮೇಜಿನಲ್ಲಿ ನನ್ನ ಪಾಳಿ. ಅವನು ಸಹಿ ಹಾಕಿಟ್ಟ ರದ್ದತಿ ಪತ್ರಗಳು ಅದೇ ಮೇಜಿನ ಡ್ರಾದಲ್ಲಿದ್ದವು. ಹೆಸರು ತುಂಬಿ ಕೊಟ್ಟರೆ ಎರಡು ವರ್ಷದ ಕರಾರು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಿಂಗಳಲ್ಲಿ ಮೂರು ರದ್ದಾದರೆ ಮಾರಿದವಳನ್ನು ಮನೆಗೆ ಕಳಿಸುತ್ತಾರೆ. ನನ್ನವು ಆಗಲೇ ಎರಡಾಗಿದ್ದವು.

ಹಣೆಯ ತುಂಬ ವಿಭೂತಿ, ಹೆಗಲಿಗೆ ಚೀಲ, ಕೈಯಲ್ಲೊಂದು ಬಟ್ಟೆಯ ಗಂಟು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. ಅವಳಿಗೆ ನನ್ನ ಗುರುತು ಸಿಗಲಿಲ್ಲ. ಫೋನಿನಲ್ಲಿ ನಾನು ಜೇನು ಸುರಿಸುತ್ತೇನೆ, ನನ್ನ ಸ್ವಂತ ದನಿ ಬರೀ ಒರಟು.

"ಶೈಲಜಾ ಅನ್ನೋ ಹುಡುಗಿ ಅದಾಳೇನವ್ವಾ? ಆಕಿ ತಪ್ಪೇನಿಲ್ಲ, ಯಾರೋ ಬ್ಯಾರೇದವರು ಎಡವಟ್ಟು ಮಾಡ್ಯಾರ. ನನಗೊಂದು ರದ್ದತಿ ಪತ್ರ ಬೇಕಾಗಿತ್ತು, ನಾಳಿಗೆ ಕಡೀ ದಿನ" ಅಂದು ಅರ್ಜಿ ಮುಂದಿಟ್ಟಳು.

"ಶೈಲಜಾನ್ನ ಕೆಲಸದಿಂದ ತಗದ್ರು" ಅಂದೆ.

"ಅಯ್ಯ ಶಿವನೇ, ಯಾಕ?"

"ಎರಡು ವಾರದಿಂದ ಒಂದೂ ವ್ಯಾಪಾರ ಆಗಲಿಲ್ಲ ಆಕೀದು. ಅದಕ್ಕ ಮುಂಚೆ ಭಾರಿ ಚಲೋ ಮಾಡ್ತಿದ್ಲು. ಅದ್ಯಾರೋ ಮಾನ್ವಿಯವರ ಕೈಲೇ ಬೋಣಿಗಿ ಮಾಡಿಸ್ಕೊಂಡ್ಲಂತ. ಅವತ್ತಿನಿಂದ ನೋಡ್ರಿ, ಮುಟ್ಟಿದ್ದೆಲ್ಲ ಕೆಟ್ಟಿತು."

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಎಲ್ಲಿಗೆ ಹೊಡೆದರೆ ಸದ್ದಿಲ್ಲದೆ ಬೀಳುತ್ತಾಳೆ ಅಂತ ನೋಡಿಯೇ ಹೊಡೆದೆ.

ಗುರುಶಾಂತಮ್ಮ ಮೇಜಿನ ಮೇಲಿದ್ದ ಬಲಗೈಯನ್ನು ನಿಧಾನವಾಗಿ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು. ಹಿಟ್ಟಿನ ಕೆಲಸದಿಂದ ಒಡೆದ ಕೈ ಅದು.

"ನಾ ಹೇಳಿದ್ನೆವ್ವಾ ಆಕಿಗೆ. ನನ್ನ ಕೈ ಬ್ಯಾಡ ಅಂತ ಬಾಯಿ ಬಿಟ್ಟು ಹೇಳಿದ್ನಿ. ಕೂಸು ಕೇಳಲಿಲ್ಲ. ನನಗೂ ಆಸಿ ಆತು, ಸುಳ್ಳ್ಯಾಕ ಹೇಳಲಿ. ಹತ್ತೊಂಬತ್ತು ವರ್ಷ ಆಗಿತ್ತು ನನ್ನ ಕೈ ಬೇಕು ಅಂತ ಒಬ್ರರ ಅಂದು."

ನಾನು ಕಂಪ್ಯೂಟರ್ ನೋಡುತ್ತಾ ಕೂತೆ. ಪರದೆ ಆರಿತ್ತು.

"ಇದು ರದ್ದಾದ್ರ ಆಕಿಗೇನರ ತ್ರಾಸ ಆಗ್ತದೇನು?" ಅಂತ ಕೇಳಿದಳು.

"ಕಡೀ ಪಗಾರ ಬರಬೇಕು ಆಕೀಗೆ. ಅದನ್ನ ಹಿಡೀತಾರ."

ಅರ್ಜಿಯನ್ನು ಎಡಗೈಯೊಂದರಿಂದಲೇ ಮಡಚಿ ಚೀಲದೊಳಗೆ ಹಾಕಿಕೊಂಡಳು. "ಇರಲಿ ಬಿಡವ್ವಾ. ಆಕೀ ಅನ್ನ ಒಮ್ಮೆ ಕಳದದ್ದ ಸಾಕು, ಇನ್ನೊಮ್ಮೆ ಬ್ಯಾಡ" ಅಂದಳು. ಬಟ್ಟೆಯ ಗಂಟನ್ನೂ ಅದೇ ಕೈಯಿಂದ ನನ್ನ ಕಡೆ ಸರಿಸಿದಳು. "ರೊಟ್ಟಿ ಅದಾವ, ಆಕಿಗಂತ ತಂದಿದ್ನಿ. ಎಲ್ಲಿ ಅದಾಳ ತಿಳಕೊಂಡು ಮುಟ್ಟಿಸು. ನಾ ಮಾಡಿದ್ದು ಅಂತ ಮಾತ್ರ ಹೇಳಬ್ಯಾಡ, ಉಣ್ಣಾಕ ಅಂಜ್ಯಾಳು."

ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆಯದೆ ಮೆಟ್ಟಿಲು ಇಳಿದು ಹೋದಳು.

ತಹಮೀನಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಡ್ರಾ ಎಳೆದು, ಒಂದು ರದ್ದತಿ ಪತ್ರ ತೆಗೆದು ನನ್ನ ಮುಂದೆ ಇಟ್ಟಳು. "ಲೇ ಭಾಗ್ಯಾ, ಓಡಿ ಹೋಗು. ಮಾನ್ವಿ ಬಸ್ಸಿಗೆ ಇನ್ನೂ ಅರ್ಧ ತಾಸು ಅದ. ಸ್ಟ್ಯಾಂಡಿನ್ಯಾಗ ಕುಂತಿರ್ತಾಳ."

ನನಗೆ ನಾಚಿಕೆಯಾಯಿತು. ಇಲ್ಲ ಅನ್ನುವುದಿಲ್ಲ, ಕಿವಿಯವರೆಗೂ ಬಿಸಿ ಹತ್ತಿತು. ಹೆಸರು ತುಂಬಲು ಒಂದು ನಿಮಿಷ, ಸ್ಟ್ಯಾಂಡಿಗೆ ಆಟೋದಲ್ಲಿ ಹತ್ತು ನಿಮಿಷ ಅಂತ ಲೆಕ್ಕವನ್ನೂ ಹಾಕಿದೆ.

ಪತ್ರವನ್ನು ತಿರುಗಿ ಡ್ರಾದಲ್ಲಿ ಇಟ್ಟು ಗಂಟು ಬಿಚ್ಚಿದೆ. ತೆಳುವಾದ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ. ತಹಮೀನಾ ತನ್ನ ಡಬ್ಬಿ ಎತ್ತಿಕೊಂಡು ಒಳಗಿನ ಕೋಣೆಗೆ ಹೋದಳು. ನನಗೆ ಹಸಿವಾಗಿತ್ತು, ಅರ್ಧ ತಾಸು ಕೂತು ತಿಂದೆ.