ಹದಿನೇಳು ಹೆಣ್ಣು ನೋಡಿದವನ ಸೋಡಿಯಂ

ಕಲ್ಯಾಣ ಜಂಕ್ಷನ್ನಿನಲ್ಲಿ ರೈಲುಗಳು ಸಿಗ್ನಲ್ ನೋಡಿ ಹೊರಡುತ್ತವೆ ಎಂದು ನೀವು ನಂಬಿಕೊಂಡಿದ್ದರೆ ಅದು ನಿಮ್ಮ ತಪ್ಪಲ್ಲ, ನಿಮಗೆ ಯಾರೂ ಹೇಳಿಲ್ಲ ಅಷ್ಟೆ. ನನ್ನ ಕೌಂಟರಿನಿಂದ ಕೊನೆಯ ಇಡ್ಲಿ ಪಾರ್ಸೆಲ್ ಹೋಗುವ ತನಕ ಪುಣೆಯ ಗಾಡಿ ಕದಲುತ್ತಿರಲಿಲ್ಲ. ಸ್ಟೇಷನ್ನಿನ ಪಶ್ಚಿಮಕ್ಕಿರುವ ಆ ಹೋಟೆಲಿನಲ್ಲಿ ಈ ಮುಂಡಪ್ಪ ಇಪ್ಪತ್ತಾರು ವರ್ಷ ಮ್ಯಾನೇಜರ್ ಆಗಿದ್ದವನು. ಮಾಲೀಕರು ಬೇರೆ ಇದ್ದರು. ಆದರೆ ಅದು ಅವರಿಗೇ ಆಗಾಗ ಮರೆತುಹೋಗುತ್ತಿತ್ತು.

೨೦೧೧ರ ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ನನ್ನ ತಲೆಯೊಳಗೆ ಸಿಡಿಲು ಹೊಡೆಯಿತು. ಶಹಾಡಿನಿಂದ ಠಾಣೆಯ ತನಕ ಎಲ್ಲರಿಗೂ ಕೇಳಿಸಿರಬೇಕು ಎಂಬುದು ಈಗಲೂ ನನ್ನ ಅಭಿಪ್ರಾಯ. ಎದುರಿಗೆ ನಿಂತಿದ್ದ ಒಬ್ಬ ಗಿರಾಕಿ ಇಬ್ಬರಾದ. ನನ್ನ ಎಡಗಣ್ಣಿನ ರೆಪ್ಪೆ ಅಂಗಡಿಯ ಶಟರಿನ ಹಾಗೆ ಕೆಳಗೆ ಬಂತು. ಆಮೇಲೆ ನನಗೆ ನೆನಪಿರುವುದು ಆಂಬುಲೆನ್ಸಿನ ಸೈರನ್ ಮತ್ತು ಶಿಳ್‌ಫಾಟಾದ ಟ್ರಾಫಿಕ್ಕು. ಆ ಟ್ರಾಫಿಕ್ಕಿನಲ್ಲಿ ನಾನು ಮೂರು ಸಲ ಸತ್ತು ನಾಲ್ಕು ಸಲ ಬದುಕಿದೆ.

ನವಿ ಮುಂಬಯಿಯ ಆಸ್ಪತ್ರೆಯ ಐಸಿಯುನಲ್ಲಿ ಮೊದಲು ಬೆರಳಿಗೆ ಸೂಜಿ ಚುಚ್ಚಿ ಶುಗರ್ ನೋಡಿದವಳು, ಕಣ್ಣಿಗೆ ಟಾರ್ಚ್ ಬಿಟ್ಟವಳು, ಬಿ.ಪಿ. ಇಳಿಯುತ್ತಿದೆ ಎಂದು ಡಾಕ್ಟರನ್ನು ಓಡಿಸಿಕೊಂಡು ಬಂದವಳು ರತ್ನಾವತಿ ಸಿಸ್ಟರ್. ಮೂಡುಬಿದಿರೆಯ ಕಡೆಯವಳು, ಮೂವತ್ತೆರಡರ ಪ್ರಾಯ. ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಡಲೆ ಗಾತ್ರದ ಗ್ರಂಥಿ ಇರುತ್ತದೆ, ದೇಹದ ಉಪ್ಪು, ನೀರು, ರಕ್ತದ ಒತ್ತಡ, ಎಲ್ಲದಕ್ಕೂ ಹುಕುಂ ಹೊರಡುವುದು ಅಲ್ಲಿಂದಲೇ ಎಂದು ಆಮೇಲೆ ನನಗೆ ತಿಳಿಸಿ ಹೇಳಿದವಳೂ ಅವಳೇ. ಅಂದರೆ ದೇಹದ ಮ್ಯಾನೇಜರ್. ನನ್ನ ಮ್ಯಾನೇಜರನ ಒಳಗೆ ಸದ್ದಿಲ್ಲದೆ ಒಂದು ಗಡ್ಡೆ ಬೆಳೆದು, ಆ ಗಡ್ಡೆಯೊಳಗೆ ರಕ್ತ ಸೋರಿ, ಅವನು ಕೌಂಟರಿನಲ್ಲೇ ಕುಸಿದಿದ್ದ. ಮೂಗಿನ ದಾರಿಯಲ್ಲಿ ಒಳಗೆ ಹೋಗಿ ಗಡ್ಡೆ ತೆಗೆದರು. ಹೊರಬಂದದ್ದು ಮಂಗಳೂರು ಸೌತೆಯಷ್ಟಿತ್ತು. ದ್ರಾಕ್ಷಿಯಷ್ಟು ಎಂದು ರಿಪೋರ್ಟಿನಲ್ಲಿ ಬರೆದಿದ್ದಾರೆ, ಡಾಕ್ಟರರು ವಿನಯವಂತರು.

ಆಪರೇಷನ್ ಆದ ಮೇಲೆ ಗಂಟೆಗೊಮ್ಮೆ ಪರೀಕ್ಷೆ. ಹೆಸರೇನು, ಎಲ್ಲಿದ್ದೀರಿ, ಇವತ್ತು ಯಾವ ವಾರ, ನನ್ನ ಕೈ ಗಟ್ಟಿಯಾಗಿ ಹಿಡಿಯಿರಿ. ಜೊತೆಗೆ ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬ ಅಳತೆ. ಅಳತೆಯ ವಿಷಯದಲ್ಲಿ ನನ್ನ ಬಾಯಿ ಸ್ವಲ್ಪ ಉದಾರ.

"ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದ್ರಿ ಮುಂಡಪ್ಪಣ್ಣ?"

"ಒಂದು ಬಾವಿ."

"ಬಾವಿಗೆ ಎಷ್ಟು ಗ್ಲಾಸು?"

"ನಲ್ವತ್ತು ಬರಿ. ಕಡಿಮೆ ಆಯ್ತು, ಆದ್ರೂ ಬರಿ."

ಅವಳು ನಗಲಿಲ್ಲ. ಸಂಜೆಯ ಹೊತ್ತಿಗೆ ಮಂಚದ ಬದಿಯಲ್ಲಿ ಗೆರೆ ಹಾಕಿದ ಒಂದು ಜಗ್ಗು ಬಂದು ಕೂತಿತು. "ಇನ್ನು ಇದರಿಂದ ಮಾತ್ರ ಕುಡಿಯುವುದು. ನಿಮ್ಮನ್ನು ಕೇಳುವುದಿಲ್ಲ, ಇದನ್ನು ಕೇಳ್ತೇನೆ."

ಹೆಸರು, ಊರು, ವಾರದ ಪ್ರಶ್ನೆಗಳಿಗೂ ಬೇಗನೆ ಬೆಲೆ ಇಲ್ಲದಂತಾಯಿತು. ಪಕ್ಕದ ಹಾಸಿಗೆಯವನಿಗೆ ಕೇಳುವಾಗಲೇ ನಾನು ಇಲ್ಲಿಂದ ಉತ್ತರ ಒಪ್ಪಿಸುತ್ತಿದ್ದೆ. ಮಗ್ಗಿ ಹೇಳಿದ ಹಾಗೆ ನಿದ್ದೆಯಲ್ಲೂ ಹೇಳುತ್ತೀರಿ, ಇದರಿಂದ ನನಗೆ ಏನೂ ಗೊತ್ತಾಗುವುದಿಲ್ಲ ಎಂದಳು ರತ್ನಾವತಿ. ಅವಳಿಗೆ ಬೇರೊಂದು ಪ್ರಶ್ನೆ ಬೇಕಿತ್ತು. ಅದನ್ನು ನಾನೇ ಕೊಟ್ಟೆ. ನನ್ನ ಹೆಂಡತಿ ಅಪ್ಪಿ ಡೊಂಬಿವಲಿಯಿಂದ ಗಂಜಿ ತಂದು ಕೂತಿದ್ದಾಗ ನಾನು ಸಿಸ್ಟರಿಗೆ ಹೇಳುತ್ತಿದ್ದೆ, ಮದುವೆಗೆ ಮೊದಲು ಹದಿನೇಳು ಹೆಣ್ಣು ನೋಡಿದ್ದೆ, ಒಬ್ಬಳು ಪಲ್ಲಕ್ಕಿಯಲ್ಲಿ ಬಂದಿದ್ದಳು, ಇನ್ನೊಬ್ಬಳ ತಂದೆಗೆ ಎರಡು ಹಡಗು, ಎಲ್ಲರನ್ನೂ ಬಿಟ್ಟು ಪಾಪ ಎಂದು ಇವಳನ್ನು ಆರಿಸಿದೆ ಎಂದು.

"ಇಪ್ಪತ್ತೈದು ವರ್ಷದಿಂದ ಕೇಳ್ತಾ ಇದ್ದೇನೆ," ಎಂದಳು ಅಪ್ಪಿ. "ಪಲ್ಲಕ್ಕಿಯವಳು ಹೋದ ವರ್ಷ ಇರಲಿಲ್ಲ. ಹೊಸಬಳು."

ಆವತ್ತಿನಿಂದ ರತ್ನಾವತಿ ಟಾರ್ಚ್ ಬಿಟ್ಟಾದ ಮೇಲೆ ಕೇಳುತ್ತಿದ್ದಳು, "ಎಷ್ಟು ಹೆಣ್ಣು ಮುಂಡಪ್ಪಣ್ಣ?" ನಾನು ಹದಿನೇಳು ಎನ್ನುತ್ತಿದ್ದೆ, ಮರುದಿನ ಹತ್ತೊಂಬತ್ತು, ಅದರ ಮರುದಿನ ಇಪ್ಪತ್ತೊಂದು. ಅವಳು ಚಾರ್ಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನೂ ಬರೆದಿಡುತ್ತಿದ್ದಳು.

ಆರನೆಯ ದಿನದ ಕಥೆ ನನಗೆ ಗೊತ್ತಿಲ್ಲ. ಜಗತ್ತಿನಲ್ಲಿ ನಾನು ನೋಡದೆ ನಡೆದ ಘಟನೆ ಅದೊಂದೇ. ಹಾಗಾಗಿ ರತ್ನಾವತಿ ಹೇಳಿದ್ದನ್ನು, ಒಂದು ಅಕ್ಷರವೂ ಸೇರಿಸದೆ, ಹಾಗೆಯೇ ಹೇಳುತ್ತೇನೆ.

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲು. ಬೆಳಗಿನ ಸಿಸ್ಟರ್ ಹೊರಡುವಾಗ, ನಿನ್ನ ಪೇಶಂಟು ಇವತ್ತು ಬಹಳ ಒಳ್ಳೆಯವನಾಗಿದ್ದಾನೆ, ಗಲಾಟೆ ಇಲ್ಲ, ಎಲ್ಲ ಉತ್ತರ ಸರಿ, ನಾಲ್ಕು ಗಂಟೆಗೆ ವಾರ್ಡಿಗೆ ಕಳಿಸುವುದು ಎಂದು ಹೇಳಿ ಹೋದಳು. ರತ್ನಾವತಿ ಬಂದು ನೋಡಿದರೆ ನಾನು ಗೋಡೆ ನೋಡುತ್ತಾ ಮಲಗಿದ್ದೆ. ಅಪ್ಪಿ ತಂದ ಗಂಜಿ ಹಾಗೆಯೇ ಇತ್ತು.

"ಇಡ್ಲಿಗೆ ಎಷ್ಟು ಗಾಡಿ ಕಾಯ್ತಿತ್ತು ಮುಂಡಪ್ಪಣ್ಣ?"

"ಗಾಡಿ ಯಾಕೆ ಕಾಯ್ತದೆ. ಅದರ ಹೊತ್ತಿಗೆ ಅದು ಹೋಗ್ತದೆ."

ಅವಳು ಪೆನ್ನು ಕೆಳಗಿಟ್ಟಳು. "ಎಷ್ಟು ಹೆಣ್ಣು ನೋಡಿದ್ರಿ?"

"ಒಬ್ಬಳೇ. ಅಪ್ಪಿ. ಅದಕ್ಕೆ ಮೊದಲು ಯಾರ ಮನೆಗೆ ಹೇಳಿ ಕಳಿಸಿದ್ರೂ ಹೋಟೆಲಿನವನು ಬೇಡ ಅಂದ್ರು. ಇವಳು ಹೂಂ ಅಂದಳು. ಯಾಕೆ ಅಂದಳೋ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಕೇಳಿದ್ರೆ ಮನಸ್ಸು ಬದಲಾಯಿಸಿಯಾಳು ಅಂತ ಹೆದರಿಕೆ."

ಅಪ್ಪಿ ಪಕ್ಕದ ಸ್ಟೂಲಿನಲ್ಲೇ ಇದ್ದಳು. ಅವಳ ಮುಖ ಆಗ ಹೇಗಿತ್ತು ಎಂದು ನಾನು ರತ್ನಾವತಿಯನ್ನು ಎಷ್ಟೋ ಸಲ ಕೇಳಿದ್ದೇನೆ. ಅವಳು ಹೇಳುವುದು ಒಂದೇ: "ನೀವು ನೋಡಬೇಕಿತ್ತು."

ರತ್ನಾವತಿ ಜಗ್ಗು ನೋಡಿದಳು, ಮೂತ್ರದ ಅಳತೆ ನೋಡಿದಳು. ನೀರು ಒಳಗೆ ಹೋಗುತ್ತಿತ್ತು, ಬೆಳಿಗ್ಗೆಯಿಂದ ಹೊರಗೆ ಬಂದದ್ದು ತೀರ ಕಡಿಮೆ. ರಕ್ತದ ಸೋಡಿಯಂ ಪರೀಕ್ಷೆ ಇದ್ದದ್ದು ಮರುದಿನ ಬೆಳಿಗ್ಗೆಗೆ. ಅವಳು ಡ್ಯೂಟಿ ಡಾಕ್ಟರನ್ನು ಕರೆದಳು. ಅವನು ಹೊಸಬ, ಚಿಗುರು ಮೀಸೆಯವನು, ಹಿಂದಿಯಲ್ಲಿ ನನ್ನ ಹೆಸರು, ಊರು, ವಾರ, ತಾರೀಕು ಕೇಳಿದ. ನಾನು ಎಲ್ಲಕ್ಕೂ ಸರಿಯಾಗಿ, ಮೆಲ್ಲಗೆ ಉತ್ತರ ಕೊಟ್ಟೆನಂತೆ.

"ಸಿಸ್ಟರ್, ಪೇಶಂಟ್ ಸಚ್ ಬೋಲ್ ರಹಾ ಹೈ. ಪ್ರಾಬ್ಲಮ್ ಕ್ಯಾ ಹೈ?" ರೋಗಿ ನಿಜವನ್ನೇ ಹೇಳುತ್ತಿದ್ದಾನೆ, ತೊಂದರೆ ಏನು ಎಂದು.

"ಅದೇ ಪ್ರಾಬ್ಲಮ್ ಸರ್," ಎಂದಳು ರತ್ನಾವತಿ. ಚಾರ್ಟಿನ ಅಂಚು ತೋರಿಸಿದಳು. ಹದಿನೇಳು, ಹತ್ತೊಂಬತ್ತು, ಇಪ್ಪತ್ತೊಂದು, ಒಂದು. "ಉತ್ತರ ಸರಿ ಇದೆ, ಆದರೆ ಇದು ಈ ಮನುಷ್ಯನ ಉತ್ತರ ಅಲ್ಲ. ಸೋಡಿಯಂ ಈಗಲೇ ಕಳಿಸೋಣ. ವಾರ್ಡಿಗೆ ಆಮೇಲೆ."

ಡಾಕ್ಟರ್ ಕೈಗಡಿಯಾರ ನೋಡಿದ, ನಾಲ್ಕಾಗುತ್ತ ಬಂದಿತ್ತು. ನನ್ನ ಹಾಸಿಗೆ ಖಾಲಿಯಾಗಲೆಂದು ಕೆಳಗಿನ ಮಹಡಿಯಲ್ಲಿ ಇನ್ನೊಬ್ಬ ರೋಗಿ ಕಾಯುತ್ತಿದ್ದ. ಅಷ್ಟರಲ್ಲಿ ಅಪ್ಪಿ ನಡುವೆ ಬಂದಳು.

"ಸಿಸ್ಟರ್, ಇಷ್ಟು ವರ್ಷದಲ್ಲಿ ಇವರು ಇವತ್ತು ಮೊದಲ ಸಲ ನಿಜ ಹೇಳ್ತಿದ್ದಾರೆ. ಸ್ವಲ್ಪ ಹೊತ್ತು ಹೀಗೇ ಇರ್ಲಿ ಬಿಡಿ ಮಾರಾಯ್ರೆ."

ರತ್ನಾವತಿ ಅಪ್ಪಿಯ ಭುಜದ ಮೇಲೆ ಕೈ ಇಟ್ಟು, "ಅಕ್ಕ, ಇವರು ನಿಮ್ಮ ಹತ್ತಿರ ಇದ್ದು ಹೇಳ್ತಾ ಇಲ್ಲ. ದೂರ ಹೋಗ್ತಾ ಹೇಳ್ತಾ ಇದ್ದಾರೆ," ಎಂದಳು. ಅಪ್ಪಿ ಬದಿಗೆ ಸರಿದಳು. ಡಾಕ್ಟರ್ ಚೀಟಿಗೆ ಸಹಿ ಹಾಕಿದ.

ರಕ್ತ ಲ್ಯಾಬಿಗೆ ಹೋದ ಇಪ್ಪತ್ತು ನಿಮಿಷಕ್ಕೆ ನನ್ನ ಬಲಗೈ ಬೆರಳುಗಳು ತಾವಾಗಿಯೇ ಕುಣಿಯತೊಡಗಿ, ಕುಣಿತ ಮೈಯೆಲ್ಲ ಹಬ್ಬಿತು. ಫಿಟ್ಸ್. ಹಾಸಿಗೆಯ ಹತ್ತಿರವೇ ನಿಂತಿದ್ದ ರತ್ನಾವತಿ ನನ್ನನ್ನು ಮಗ್ಗುಲಿಗೆ ತಿರುಗಿಸಿ, ಆಕ್ಸಿಜನ್ ಹಾಕಿ, ಇಂಜೆಕ್ಷನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಲ್ಯಾಬಿನ ಫೋನು ಬಂತು. ನೂರಾ ಮೂವತ್ತೈದರ ಮೇಲಿರಬೇಕಾದ ಸೋಡಿಯಂ ನೂರಾ ಹದಿನೇಳಿತ್ತು. ಗ್ರಂಥಿಗೆ ಪೆಟ್ಟಾದ ಮೇಲೆ ಕೆಲವರಿಗೆ ಐದಾರು ದಿನ ಕಳೆದು ಹೀಗಾಗುತ್ತದಂತೆ. ದೇಹ ನೀರನ್ನು ಹಿಡಿದಿಟ್ಟುಕೊಂಡು, ರಕ್ತದ ಉಪ್ಪು ತೆಳುವಾಗಿ, ಮಿದುಳು ನೆನೆದ ಅವಲಕ್ಕಿಯ ಹಾಗೆ ಊದುತ್ತದೆ. ಆ ಹೊತ್ತಿಗೆ ನಾನು ವಾರ್ಡಿನಲ್ಲಿ, ಮೂವತ್ತು ಹಾಸಿಗೆಗೆ ಇಬ್ಬರು ಸಿಸ್ಟರ್ ಇರುವಲ್ಲಿ, ಸಂಭಾವಿತನ ಹಾಗೆ ಗೋಡೆ ನೋಡಿಕೊಂಡು ಮಲಗಿರಬೇಕಿತ್ತು.

ಗಟ್ಟಿ ಉಪ್ಪುನೀರನ್ನು ಪಂಪಿನಲ್ಲಿ ಹನಿಹನಿಯಾಗಿ ಕೊಟ್ಟರು. ಅವಸರದಲ್ಲಿ ಏರಿಸಿದರೆ ಮಿದುಳಿಗೆ ಇನ್ನೊಂದು ಪೆಟ್ಟು. ಹಾಗಾಗಿ ಎರಡೆರಡು ಗಂಟೆಗೆ ರಕ್ತ ತೆಗೆದು, ನೋಡಿ, ಪಂಪು ತಿದ್ದಿ, ಮತ್ತೆ ತೆಗೆದು. ನನ್ನ ಮೈಯಿಂದ ಅವರು ತೆಗೆದ ರಕ್ತದಲ್ಲಿ ಒಂದು ಸಣ್ಣ ಊರಿಗೆ ಬ್ಲಡ್ ಬ್ಯಾಂಕ್ ತೆರೆಯಬಹುದಿತ್ತು. ರತ್ನಾವತಿ ತನ್ನ ಪಾಳಿ ಮುಗಿದ ಮೇಲೂ ಎರಡು ತಾಸು ಇದ್ದು, ಮುಂದಿನವಳಿಗೆ ಚಾರ್ಟಿನ ಅಂಚಿನ ಅಂಕಿ ವಿವರಿಸಿ ಹೋದಳಂತೆ.

ನನಗೆ ಮತ್ತೆ ನೆನಪಿರುವುದು ಅದಾಗಿ ಮೂರನೆಯ ದಿನದ ಮಧ್ಯಾಹ್ನ. ಟಾರ್ಚಿನ ಬೆಳಕು, ಅದರ ಹಿಂದೆ ಅವಳ ಮುಖ.

"ಎಷ್ಟು ಹೆಣ್ಣು ಮುಂಡಪ್ಪಣ್ಣ?"

"ಇಪ್ಪತ್ತಮೂರು," ಎಂದೆ. ನಾಲಿಗೆ ಒಣಗಿತ್ತು. "ಒಬ್ಬಳು ಆನೆ ಸಾಕಿದ್ದಳು."

ಅವಳು ಅಂಚಿನಲ್ಲಿ ಬರೆದುಕೊಂಡಳು. ಬರೆದಾದ ಮೇಲೆ ಜಗ್ಗು ಎತ್ತಿ ಗೆರೆ ನೋಡಿದಳು.

ಮನೆಗೆ ಕಳಿಸುವಾಗ ಅಪ್ಪಿಗೆ ದೊಡ್ಡ ಪಾಠವಾಯಿತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಮಾತ್ರೆ, ಜೀವ ಇರುವ ತನಕ, ಒಂದು ದಿನವೂ ತಪ್ಪಬಾರದು. ಜ್ವರ ಬಂದರೆ ಎರಡರಷ್ಟು ಕೊಟ್ಟು ಫೋನ್ ಮಾಡುವುದು. ವಾಂತಿ, ತಲೆನೋವು, ಮಂಕು ಕಂಡರೆ ನೇರ ಇಲ್ಲಿಗೆ. "ಮತ್ತೆ ಆ ಪ್ರಶ್ನೆ," ಎಂದಳು ರತ್ನಾವತಿ. "ದಿನಾ ಕೇಳಿ. ಸುಳ್ಳು ಹೇಳಿದ್ರೆ ಚಿಂತೆ ಇಲ್ಲ."

ಹೀಗೆ ಡೊಂಬಿವಲಿಯ ನಮ್ಮ ಒಂದು ರೂಮು, ಒಂದು ಅಡುಗೆಮನೆಯ ಬಿಡಾರದಲ್ಲಿ ಪ್ರತಿ ಬೆಳಿಗ್ಗೆ ಮಾತ್ರೆಯ ಜೊತೆ ಪರೀಕ್ಷೆ ಶುರುವಾಯಿತು. ಅಪ್ಪಿ ಒಂದು ಕೈಯಲ್ಲಿ ನೀರು ಹಿಡಿದು ಕೇಳುವುದು, ನಾನು ಹೇಳುವುದು. ಇಪ್ಪತ್ತೇಳು. ಮೂವತ್ತು. ಕಾಲೇಜಿಗೆ ಹೊರಟ ಮಗಳು ಮಾನಸಿ ಬಾಗಿಲಲ್ಲೇ ಚಪ್ಪಲಿ ಹಾಕುತ್ತಾ, "ಪಪ್ಪಾ, ಫೇಕೂ ನಕಾ," ಎನ್ನುವಳು. "ಅವರು ಬುರುಡೆ ಬಿಡ್ಲಿ," ಎನ್ನುವಳು ಅಪ್ಪಿ. "ಬಿಟ್ಟಷ್ಟು ಒಳ್ಳೆಯದು."

ಎರಡು ವರ್ಷ ಕಳೆಯಿತು. ಹೆಣ್ಣುಗಳ ಸಂಖ್ಯೆ ನಲವತ್ತು ದಾಟಿತು. ಆದರೆ ನನ್ನೊಳಗೆ ಒಂದು ಕಿರಿಕಿರಿ ಹುಟ್ಟಿಕೊಂಡಿತ್ತು. ಕಲ್ಯಾಣದ ಎಲ್ಲ ರೈಲು, ಎಲ್ಲ ಗಲಾಟೆ, ಎಲ್ಲ ಪ್ರವಾಹ ನೋಡಿದ ಈ ಕಣ್ಣು, ಆ ಒಂದು ಮಧ್ಯಾಹ್ನದ ಅಪ್ಪಿಯ ಮುಖ ನೋಡಿಲ್ಲ. ನನ್ನದೇ ಬಾಯಿ ಆಡಿದ ಮಾತು, ಅದರ ಸುಖ ಪಡೆದವಳು ಅವಳು, ಕಂಡವಳು ರತ್ನಾವತಿ. ನಾನು ಮಾತ್ರ ಊರಲ್ಲೇ ಇರಲಿಲ್ಲ. ಅದನ್ನು ಇನ್ನೊಮ್ಮೆ, ಬೋಧ ಇರುವಾಗ ಹೇಳಬೇಕು, ಹೇಳುತ್ತಾ ನೋಡಬೇಕು ಎಂದು ತಿಂಗಳುಗಟ್ಟಲೆ ಯೋಚಿಸಿದೆ. ಸುಳ್ಳು ಹೇಳುವುದಕ್ಕೆ ನನಗೆ ಎಂದೂ ಇಷ್ಟು ತಯಾರಿ ಬೇಕಾಗಿರಲಿಲ್ಲ.

೨೦೧೩ರ ಒಂದು ಭಾನುವಾರ ಬೆಳಿಗ್ಗೆ ಅಪ್ಪಿ ನೀರು ಹಿಡಿದು ಬಂದಳು. "ಎಷ್ಟು ಹೆಣ್ಣು?"

ನಾನು ಅವಳ ಮುಖವನ್ನೇ ನೋಡಿ ಹೇಳಿದೆ. "ಒಬ್ಬಳೇ."

ಅವಳ ಮುಖ ಬೆಳ್ಳಗಾಯಿತು. ಲೋಟ ಕಟ್ಟೆಯ ಮೇಲಿಟ್ಟಳು, ಗ್ಯಾಸ್ ಆರಿಸಿದಳು. "ಮಾನಸಿ, ಓಡು, ರಿಕ್ಷಾ ಹಿಡಿ. ಪಪ್ಪನಿಗೆ ಹುಷಾರಿಲ್ಲ."

"ನನಗೆ ಎಂತದೂ ಆಗಿಲ್ಲ ಮಾರಾಯ್ತಿ. ನಿಜ ಹೇಳಿದ್ದು."

"ಅದೇ," ಎಂದಳು. "ಬಾಯಿ ಮುಚ್ಚಿ ಮಾತ್ರೆ ನುಂಗಿ."

ರಿಕ್ಷಾದಲ್ಲಿ ದಾರಿಯುದ್ದಕ್ಕೂ ನಾನು ಹೇಳಿದೆ: ನಲವತ್ತೆರಡು, ನೂರು, ಆನೆ, ಹಡಗು, ಪಲ್ಲಕ್ಕಿ. ಅವಳು ನಂಬಲಿಲ್ಲ. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ. ಮಾನಸಿ ಮುಂದೆ ಡ್ರೈವರಿಗೆ "ಭೈಯ್ಯಾ, ಜಲ್ದಿ" ಎನ್ನುತ್ತಲೇ ಇದ್ದಳು. ಆಗ ನನಗೆ ನಾಚಿಕೆಯಾಯಿತು. ಅದನ್ನು ಮಾತ್ರ ದೊಡ್ಡದು ಮಾಡದೆ ಹೇಳುತ್ತಿದ್ದೇನೆ.

ಮಾನಸಿ ಮೊದಲೇ ಫೋನ್ ಮಾಡಿದ್ದರಿಂದ ರತ್ನಾವತಿ ಆಸ್ಪತ್ರೆಯ ಬಾಗಿಲಲ್ಲೇ ಕಾದಿದ್ದಳು. ಶುಗರ್, ಬಿ.ಪಿ., ಟಾರ್ಚ್, ರಕ್ತ. ಮುಕ್ಕಾಲು ಗಂಟೆಗೆ ಕಾಗದ ಬಂತು. ಅವಳು ಓದಿ, ನನ್ನನ್ನು ನೋಡಿ, ಮತ್ತೊಮ್ಮೆ ಓದಿದಳು.

"ನೂರಾ ಮೂವತ್ತೊಂಬತ್ತು. ಚಿನ್ನದ ಹಾಗೆ ಉಂಟು. ಮತ್ತೆ ಯಾಕೆ ಒಬ್ಬಳು ಅಂದ್ರಿ ಮುಂಡಪ್ಪಣ್ಣ?"

ನಾನು ಪಕ್ಕದ ಮಂಚದ ಬಳಿಯಿದ್ದ ಜಗ್ಗಿನ ಗೆರೆ ಎಣಿಸತೊಡಗಿದೆ. ಅಪ್ಪಿ ನನ್ನನ್ನು ನೋಡಿದಳು, ಕಾಗದ ನೋಡಿದಳು.

"ಸಿಸ್ಟರ್, ಇದರ ಅರ್ಥ ಎಂತದು? ಇವರಿಗೆ ಪೂರ್ತಿ ಬೋಧ ಉಂಟು ಅಂತ ಅಲ್ವಾ?"

"ಪೂರ್ತಿ ಉಂಟು ಅಕ್ಕ."

"ಬೆಳಿಗ್ಗೆ ಹೇಳುವಾಗಲೂ ಇತ್ತಾ?"

"ಇತ್ತು."

ಅಪ್ಪಿ ಆ ಕಾಗದವನ್ನು ಮಡಿಸಿ ತನ್ನ ಚೀಲದೊಳಗೆ ಇಟ್ಟುಕೊಂಡಳು. ಅವಳ ಮುಖ ಆಗ ಹೇಗಿತ್ತು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಹತ್ತರಿಂದ ಭಾಗಿಸುತ್ತೀರಿ.

ಮರುದಿನ ಬೆಳಿಗ್ಗೆ ನಲವತ್ತಮೂರು ಎಂದೆ, ಮಾತ್ರೆ ಸಿಕ್ಕಿತು. ತಿಂಗಳ ಕೊನೆಗೆ ಚೆಕಪ್ಪಿಗೆ ಹೋದಾಗ ಡಾಕ್ಟರ್ ಫೈಲಿನಲ್ಲಿ ಹಾಳೆ ಹಾಳೆ ಹುಡುಕಿ, ಆ ಭಾನುವಾರದ ರಿಪೋರ್ಟ್ ಎಲ್ಲಿ ಎಂದು ಕೇಳಿದರು. ಅದು ಅಪ್ಪಿಯ ಮದುವೆಯ ಸೀರೆಯ ಮಡಿಕೆಯೊಳಗಿತ್ತು, ಆ ಕಪಾಟಿನ ಕೀಲಿ ಅವಳ ಸೊಂಟದಲ್ಲೇ ಇತ್ತು.

"ಅದು ಮನೆಯಲ್ಲಿ ಉಂಟು ಡಾಕ್ಟ್ರೆ," ಎಂದಳು. "ನಿಮಗೆ ಬೇಕಾದ್ರೆ ಇನ್ನೊಮ್ಮೆ ರಕ್ತ ತೆಗೀರಿ."