ಹೊಳೆಗೆ ಹಾಕಿದ ಗಂಧದ ಹಾರ

೧

ಹೇಗೆ ಶುರು ಮಾಡಲಿ? ‘ಪ್ರಶಾಂತವಾಗಿ ಹರಿಯುವ ನದಿ’ ಅಂತ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಆಕಳಿಸಬೇಕು ಕೂಡ. ಆದರೆ ನನ್ನ ಕತೆಯ ವಸ್ತುವೇ ಅದು, ಪ್ರಶಾಂತ ನದಿಯ ಒಂದು ಚಿತ್ರ. ಚಿತ್ರವೂ ಅಲ್ಲ, ಚಿತ್ರದ ಪ್ರಿಂಟು. ಫೈನ್ ಆರ್ಟ್ ಪ್ರಿಂಟ್ ಎನ್ನಬೇಕಂತೆ. ಇನ್ನೂರು ಪ್ರತಿಗಳಲ್ಲಿ ಮೂವತ್ತೇಳನೆಯದು ಎಂದು ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿದೆ, ಜೊತೆಗೊಂದು ಸರ್ಟಿಫಿಕೇಟು. ಜಾತಿಗೂ ಆದಾಯಕ್ಕೂ ಸರ್ಟಿಫಿಕೇಟು ಕೊಡುವುದು ಗೊತ್ತಿತ್ತು, ಹೊಳೆಗೂ ಕೊಡುತ್ತಾರೆಂದು ಗೊತ್ತಿರಲಿಲ್ಲ.

ಅದರಲ್ಲಿ ಇರುವುದಾದರೂ ಏನು? ನೀರು, ಮಂಜು, ಯಾವ ದೇಶದವೋ ಎರಡು ಮರ, ಒಂದು ದೋಣಿ. ದೋಣಿಯಲ್ಲಿ ನಮಗೆ ಬೆನ್ನು ಹಾಕಿ ಕುಳಿತ ಒಬ್ಬ ಮನುಷ್ಯ. (ಮುಖ ಬರೆಯಲು ಬಾರದವರೆಲ್ಲ ಬೆನ್ನು ಬರೆಯುತ್ತಾರೆ. ನಾನೂ ಅದೇ ಕುಲದವನು.)

೨

ಮಾಸ್ತಿಕಟ್ಟೆಯ ಹತ್ತಿರ ಹಿನ್ನೀರಿನ ದಡದಲ್ಲಿ ಶ್ರೀರಂಗನ ಹೋಮ್‌ಸ್ಟೇ ಇದೆ. ಊಟದ ಕೋಣೆಯ ಕಿಟಕಿ ತೆರೆದರೆ ನಿಜವಾದ ನೀರು. ಆ ಕಿಟಕಿಯ ಪಕ್ಕದಲ್ಲೇ ಅವನು ಯುಗಾದಿಯ ಹೊತ್ತಿಗೆ ಈ ಪ್ರಿಂಟನ್ನು ಟೇಪು ಹಚ್ಚಿ ಅಂಟಿಸಿದ. ಗೆಸ್ಟುಗಳು ಕಿಟಕಿ ಬಿಟ್ಟು ಪ್ರಿಂಟಿನ ಮುಂದೆ ಸೆಲ್ಫಿ ತೆಗೆದುಕೊಂಡರು. ಅಂಚು ಸುರುಳಿ ಸುತ್ತತೊಡಗಿದಾಗ ಕಟ್ಟು ಹಾಕಿಸಲು ಸಾಗರದ ಉಮೇಶನ ಫ್ರೇಮಿನ ಅಂಗಡಿಗೆ ಕಳಿಸಿದ.

ಕಳಿಸಿದ್ದು ಪಿತೃಪಕ್ಷದಲ್ಲಿ. ಆ ಹದಿನೈದು ದಿನ ಉಮೇಶನ ಅಂಗಡಿಗೆ ಬರುವುದೆಲ್ಲ ಸತ್ತವರ ಫೋಟೋ. ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವವರಿಗೆ ಗೋಡೆಯ ಮೇಲೆ ಹಿರಿಯರು ಬೇಕು. ಉಮೇಶ ಕಟ್ಟು ಹಾಕುತ್ತಾನೆ, ಗಾಜು ಒರೆಸುತ್ತಾನೆ, ಗಂಧದ ಹಾರ ತೊಡಿಸುತ್ತಾನೆ, ಮುಂದಿನದನ್ನು ಎತ್ತಿಕೊಳ್ಳುತ್ತಾನೆ. ಕೈಗೆ ರೂಢಿಯಾಗಿತ್ತು, ಹೊಳೆಗೂ ಹಾರ ಹಾಕಿ ಕಳಿಸಿದ.

೨ (ಮತ್ತೊಮ್ಮೆ, ಏಕೆಂದರೆ ಮೊದಲ ಸಲ ಬರೆದಾಗ ನಾನು ನಗುತ್ತಿದ್ದೆ)

ಶ್ರೀರಂಗ ನಕ್ಕ. ಗೆಸ್ಟಾಗಿದ್ದ ನಾನೂ ನಕ್ಕೆ. ಫೋಟೋ ತೆಗೆದು ‘ನದಿಯ ಸಾವು’ ಎಂಬ ಕ್ಯಾಪ್ಷನ್ ಕೊಟ್ಟು ಗ್ರೂಪಿಗೆ ಹಾಕಿದೆ. ನಲವತ್ತು ಹೃದಯಗಳು ಬಂದವು. ಅಷ್ಟರಲ್ಲಿ ಅಡುಗೆ ಕೆಲಸದ ರಂಗಮ್ಮ ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ಬಂದು ಹಾರವನ್ನು ಕಿತ್ತಳು.

“ಅವ್ರು ದೋಣಿಲಿ ಕೂತಿದಾರೆ. ಕೂತವ್ರಿಗೆ ಯಾರಾದ್ರೂ ಇದನ್ನ ಹಾಕ್ತಾರಾ?”

ಅವಳ ಗಂಡ ಕೆರಿಯಪ್ಪ ಮೂರು ವರ್ಷದ ಹಿಂದೆ ಬಲೆ ಬಿಡಲು ಇದೇ ಹಿನ್ನೀರಿಗೆ ಹೋದವನು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಊರೆಲ್ಲ ಸತ್ತನೆಂದಿತು. ರಂಗಮ್ಮ ಅನ್ನಲಿಲ್ಲ. ತೀರ್ಥಹಳ್ಳಿಯಲ್ಲಿ ನರ್ಸಾಗಿರುವ ಮಗಳು ಭವ್ಯಾ ಈ ಸಲ ಅಪ್ಪನ ಆಧಾರ್ ಫೋಟೋವನ್ನೇ ದೊಡ್ಡದು ಮಾಡಿಸಿ, ಉಮೇಶನ ಹತ್ತಿರವೇ ಕಟ್ಟು ಹಾಕಿಸಿದ್ದಳು. ಎಡೆ ಸಿಗದೆ ಅಪ್ಪ ಮೂರು ವರ್ಷದಿಂದ ಹಸಿದಿದ್ದಾರೆ ಎನ್ನುವುದು ಅವಳ ಸಂಕಟ. ಎಡೆ ಇಟ್ಟರೆ ತಾನೇ ಕೈಯಾರೆ ಅವರನ್ನು ಸಾಯಿಸಿದಂತೆ ಎನ್ನುವುದು ತಾಯಿಯದು.

ನನಗೆ ನಾಚಿಕೆಯಾಯಿತು. ಪೋಸ್ಟು ಅಳಿಸಿದೆ. (ಹೃದಯಗಳನ್ನು ಇನ್ನೊಮ್ಮೆ ಎಣಿಸಿಕೊಂಡೇ ಅಳಿಸಿದೆ.)

೫

ಮೂರು, ನಾಲ್ಕನ್ನು ಹರಿದು ಹಾಕಿದ್ದೇನೆ. ಅವುಗಳಲ್ಲಿ ಬೆಳದಿಂಗಳಿತ್ತು.

ಉಳಿದದ್ದು ಅಂತ್ಯಗಳು. ಒಂದು: ಬೇಸಿಗೆಯಲ್ಲಿ ನೀರು ಇಳಿದು ಕೆರಿಯಪ್ಪ ಸಿಗುತ್ತಾನೆ. ಓದುಗರು ಅಳುತ್ತಾರೆ, ಭವ್ಯಾ ಗೆಲ್ಲುತ್ತಾಳೆ. ಎರಡು: ಚಿತ್ರದಲ್ಲಿ ಕುಳಿತವನು ಮೆಲ್ಲಗೆ ತಿರುಗಿ ನೋಡುತ್ತಾನೆ. ಇದು ಬಹುಮಾನ ಕೊಡುವವರಿಗೆ. ಮೂರು: ಮುಕ್ತ ಅಂತ್ಯ. ಮುಗಿಸುವ ತಾಕತ್ತಿಲ್ಲದಾಗ ನಮ್ಮಂಥವರು ಇಟ್ಟುಕೊಂಡಿರುವ ದೊಡ್ಡ ಹೆಸರು.

ಯಾವುದು ಬೇಕೆಂದು ರಂಗಮ್ಮನನ್ನೇ ಕೇಳಿದೆ. (ಎಂಥ ಪ್ರಜಾಪ್ರಭುತ್ವ, ನೋಡಿ.) ಮೊದಲನೆಯದಕ್ಕೆ ಅವಳು ಮುಖ ತಿರುಗಿಸಿದಳು. ಎರಡನೆಯದಕ್ಕೆ, ಅವರು ತಿರುಗಿದರೆ ಮುಖ ಇರಬೇಕಲ್ಲ, ಅವರ ಮುಖ ನಿಮಗೆ ಗೊತ್ತೇ ಎಂದು ಕೇಳಿದಳು. ಗೊತ್ತಿಲ್ಲ. ಮೂರನೆಯದನ್ನು ವಿವರಿಸಲು ನನಗೆ ಬಾಯಿ ಬರಲಿಲ್ಲ.

“ನೀವು ಏನಾರೂ ಬರ್ಕಳಿ,” ಅಂದಳು. “ಮುಗಿಸಬ್ಯಾಡಿ. ನೀವು ಮುಗಿಸಿದ್ರೆ ನಾನು ಎಡೆ ಇಡಬೇಕಾಗ್ತದೆ.”

೬

ಅಮಾವಾಸ್ಯೆಯ ಮಧ್ಯಾಹ್ನ ಅವರ ಮನೆಗೆ ಹೋದೆ, ಯಾರೂ ಕರೆದಿರಲಿಲ್ಲ. ಗೋಡೆಯ ಬುಡದಲ್ಲಿ ಭವ್ಯಾ ಅಜ್ಜನಿಗೊಂದು, ಅಜ್ಜಿಗೊಂದು ಬಾಳೆಎಲೆ ಹಾಸಿದ್ದಳು. ಅಪ್ಪನಿಗೆಂದು ತಂದ ಮೂರನೆಯ ಎಲೆ ಅವಳ ಕೈಯಲ್ಲಿತ್ತು. ರಂಗಮ್ಮ ಅವಳನ್ನು ಬೈಯಲಿಲ್ಲ. ಸ್ಟೀಲಿನ ತಟ್ಟೆಗೆ ಅನ್ನ, ಸಾರು, ಎರಡು ಕಡುಬು ಬಡಿಸಿ, ಹೊತ್ತು ಮೀರಿ ಬರುವವರಿಗೆ ಇಡುವ ಹಾಗೆ ಮೇಲೊಂದು ತಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟಳು. ಭವ್ಯಾ ಎಲೆಯನ್ನು ಹಾಸಲೂ ಇಲ್ಲ, ಒಳಗಿಡಲೂ ಇಲ್ಲ. ಬರೆಯುವವನು ನೀನಲ್ಲವೇ, ನೀನೇ ಹೇಳು ಎಂಬಂತೆ ನನ್ನ ಕಡೆ ನೋಡಿದಳು. ನಾನು ಒಲೆಯ ಪಕ್ಕದ ತಟ್ಟೆಯನ್ನು ನೋಡಿದೆ.

“ಕೂತ್ಕಳಿ, ನಿಮಗೂ ಬಡಿಸ್ತೀನಿ,” ಅಂದಳು ರಂಗಮ್ಮ. “ಆ ಮುಚ್ಚಿದ್ದನ್ನ ಮಾತ್ರ ತೆಗೀಬ್ಯಾಡಿ. ಆರೋಗ್ತದೆ.”